ಒಂದೂವರೆ ಕಿಲೋಮೀಟರ್

ಹೇಳಿ ಹತ್ತು ನಿಮಿಷವಾಗಿತ್ತು. ನರಸಿಂಹಮೂರ್ತಿಗೆ ತಾನು ತಪ್ಪು ಮಾಡಿದೆ ಅಂತ ಇನ್ನೂ ಅನ್ನಿಸಿರಲಿಲ್ಲ, ಬರೀ ಬಾಯಿ ಒಣಗಿತ್ತು. ವಿಜಯವಾಡದ ಆ ಸರ್ಕಾರಿ ಅತಿಥಿಗೃಹದ ವರಾಂಡದಲ್ಲಿ ಒಂದು ಉದ್ದ ಬೆಂಚು, ಬೆಂಚಿನ ಮೇಲೆ ಅವನು, ಅವನ ಪಕ್ಕ ಕಾಳಮ್ಮ. ಒಳಗೆ ಏಸಿ ಹಾಲಿನಲ್ಲಿ ಹೈದರಾಬಾದಿನಿಂದ ಬಂದಿದ್ದ ಶಾಸಕರ ಸಮಿತಿ ಬೇರೆ ಯಾರದೋ ಅರ್ಜಿ ಕೇಳುತ್ತಿತ್ತು. ಇವರ ಸರದಿ ಮೂರು ಗಂಟೆಗೆ ಅಂದಿದ್ದರು, ಮೂರಾಗಿ ಹೋಗಿತ್ತು. ಫೆಬ್ರವರಿ ಇನ್ನೂ ಮುಗಿದಿರಲಿಲ್ಲ, ಆಗಲೇ ಬಿಸಿಲು ವರಾಂಡದ ಅರ್ಧದವರೆಗೆ ಬಂದು ಅವನ ಬೂಟಿನ ಮೂತಿ ಸುಡುತ್ತಿತ್ತು. ಕಾಳಮ್ಮ ಮಾತ್ರ ಬೆಂಚಿನ ತುದಿಯಲ್ಲಿ, ಪೂರ್ತಿ ಕೂತರೆ ಯಾರಾದರೂ ಬಂದು ಎಬ್ಬಿಸುತ್ತಾರೆ ಅನ್ನುವ ಹಾಗೆ ಅಷ್ಟಕ್ಕಷ್ಟೇ ಕೂತಿದ್ದಳು. ಮಡಿಲಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ. ಅದರೊಳಗೆ ಕಡಲಾಮೆ ಮರಿಗಳು ಒಡೆದು ಹೊರಬಂದ ಮೇಲೆ ಉಳಿದ ಮೊಟ್ಟೆಯ ಸಿಪ್ಪೆಗಳು. ಸಮಿತಿಯವರಿಗೆ ತೋರಿಸಬೇಕು ಅಂತ ಭೀಮುನಿಪಟ್ಟಣದಿಂದ ವಿಶಾಖಪಟ್ಟಣಕ್ಕೆ ಬಸ್ಸಲ್ಲಿ, ಅಲ್ಲಿಂದ ಬೆಳಗಿನ ರೈಲಲ್ಲಿ, ಗೋದಾವರಿ ಸೇತುವೆಯ ಮೇಲೆ ಕೈ ಮುಗಿಯುವಾಗಲೂ ಕೆಳಗಿಡದೆ ಹಿಡಿದುಕೊಂಡು ಬಂದಿದ್ದಳು.

"ಏನಂದರು ಬಾಬೂ ಆ ದೊಡ್ಡ ಸಾರು?" ಅಂತ ತೆಲುಗಿನಲ್ಲಿ ಕೇಳಿದಳು.

"ಏನಿಲ್ಲ ಕಾಳಮ್ಮ. ನಮ್ಮ ಊರ ಕಡೆಯವರು. ಊರಿನ ಮಾತು," ಅಂದ ಅವನೂ ತೆಲುಗಿನಲ್ಲಿ.

ಊರಿನ ಮಾತು ಅನ್ನುವುದು ಪೂರ್ತಿ ಸುಳ್ಳೇನಲ್ಲ. ಸಮಿತಿಯ ಕಾರ್ಯದರ್ಶಿ, ವಿನಾಯಕ ಅಂತ ಬಾಗಿಲ ಪಕ್ಕದ ಕಾಗದದಲ್ಲಿ ಹೆಸರಿತ್ತು, ಇವರ ಫೈಲು ಹಿಡಿದುಕೊಂಡು ಹೊರಗೆ ಬಂದಾಗ ಜೊತೆಗೆ ಬಂದಿದ್ದ ಈಶ್ವರಯ್ಯ ಮಾಸ್ಟಾರೂ ಸುಮಿತ್ರಾಳೂ ಫೋಟೋಗಳ ಜೆರಾಕ್ಸ್ ತರಲು ರಸ್ತೆ ಆಚೆ ಹೋಗಿದ್ದರು. ಆತ ಅರ್ಜಿಯ ಕೆಳಗಿನ ನಾಲ್ಕು ಸಹಿ ನೋಡಿ, ಇವನನ್ನು ನೋಡಿ, "ಕನ್ನಡದೋರೇನ್ರೀ?" ಅಂದುಬಿಟ್ಟ. ಅಷ್ಟೇ. ಆ ಒಂದು 'ಏನ್ರೀ' ಕಿವಿಗೆ ಬಿದ್ದದ್ದೇ ನರಸಿಂಹಮೂರ್ತಿ ಎದ್ದು ನಿಂತಿದ್ದ. ಯಾವೂರು ಅಂದರೆ ತಿಪಟೂರು ಹತ್ರ ಸಾರ್, ನೊಣವಿನಕೆರೆ. ಅಯ್ಯೋ ಪಕ್ಕದೋರೇ, ನಂದು ಅರಸೀಕೆರೆ ಕಣ್ರೀ, ಕೂತ್ಕೊಳ್ಳಿ ಕೂತ್ಕೊಳ್ಳಿ. ಆತನೂ ಬೆಂಚಿನ ಮೇಲೆ ಕೂತ, ಕಾಳಮ್ಮ ಸೀರೆಯ ಸೆರಗು ಒಳಗೆಳೆದುಕೊಂಡು ಇನ್ನಷ್ಟು ತುದಿಗೆ ಸರಿದಳು. ಬ್ಯಾಂಕಲ್ಲಿದೀನಿ, ಗಾಜುವಾಕದ ಬ್ರಾಂಚಿಗೆ ಬಂದು ನಾಲ್ಕು ವರ್ಷ ಸಾರ್, ಜೂನ್‌ಗೆ ಟ್ರಾನ್ಸ್‌ಫರ್ ಆಗುತ್ತೆ, ತುಮಕೂರಿಗೆ ಕೇಳಿದೀನಿ. ಪುಣ್ಯವಂತರು ಬಿಡ್ರೀ, ನಾನು ಈ ರಾಜ್ಯಕ್ಕೆ ಬಂದು ಇಪ್ಪತ್ತಾರು ವರ್ಷ, ಈಗ ಕನಸೂ ತೆಲುಗಲ್ಲೇ ಬೀಳುತ್ತೆ. ಇಬ್ಬರೂ ನಕ್ಕರು. ಮನೆಯಲ್ಲಿ ಅವನು ಕನ್ನಡದಲ್ಲಿ ಕೇಳಿದರೆ ಮಗಳು ಹರ್ಷಿತಾ ತೆಲುಗಿನಲ್ಲಿ ಉತ್ತರ ಕೊಡುತ್ತಿದ್ದಳು. ಹೆಂಡತಿ ಪದ್ಮಾ ತರಕಾರಿಯವನ ಹತ್ತಿರ ಜಗಳವಾಡುವಷ್ಟು ತೆಲುಗು ಕಲಿತು ಹೆಮ್ಮೆಪಡುತ್ತಿದ್ದಳು. ಬ್ರಾಂಚಿನಲ್ಲಿ ದಿನವಿಡೀ ಅಂಡಿ, ಚೆಪ್ಪಂಡಿ. ಯಾವ ತಯಾರಿಯೂ ಇಲ್ಲದೆ, ತಪ್ಪಾದೀತೇ ಅಂತ ಯೋಚಿಸದೆ ಹೀಗೆ ಬಾಯ್ತುಂಬ ಮಾತಾಡಿ ಎಷ್ಟು ದಿನವಾಗಿತ್ತೋ. ಅದೂ ಇಷ್ಟು ದೊಡ್ಡ ಅಧಿಕಾರಿಯ ಪಕ್ಕ, ಒಂದೇ ಬೆಂಚಿನ ಮೇಲೆ, ಕಾಲ ಮೇಲೆ ಕಾಲು ಹಾಕಿಕೊಂಡು. ಹೌದು, ಕಾಲ ಮೇಲೆ ಕಾಲು ಹಾಕಿಕೊಂಡಿದ್ದ. ಅದು ಈಗ ನೆನಪಾಗಿ ಕಾಲನ್ನು ಸರಿಯಾಗಿ ಇಟ್ಟುಕೊಂಡ.

ಆಮೇಲೆ ವಿನಾಯಕ ಫೈಲಿನ ಮೇಲೆ ಬೆರಳಾಡಿಸುತ್ತ, ದನಿ ತಗ್ಗಿಸಿ, "ಈಗ ನಮ್ಮ ನಮ್ಮಲ್ಲಿ ಹೇಳಿ. ನಾಲ್ಕು ಕಿಲೋಮೀಟರ್ ತೀರ ಪೂರ್ತಿ ಬಿಡಬೇಕು ಅಂತ ಬರೆದಿದೀರ. ಬರೆಯೋವಾಗ ಎಲ್ರೂ ಹಂಗೇ ಬರೀತಾರೆ. ನಿಜವಾಗ್ಲೂ ಎಷ್ಟು ಬೇಕು?" ಅಂದ. ಆ ಪ್ರಶ್ನೆ ನರಸಿಂಹಮೂರ್ತಿಯದೇ ಪ್ರಶ್ನೆ. ಇಪ್ಪತ್ತೆರಡು ವರ್ಷದಿಂದ ಮೇಜಿನ ಈಚೆ ಕೂತು ಸಾಲಕ್ಕೆ ಬಂದವರನ್ನೆಲ್ಲ ಅವನು ಕೇಳಿದ ಪ್ರಶ್ನೆ: ಅರ್ಜಿಯಲ್ಲಿರೋದು ಬಿಡ್ರೀ, ನಿಜವಾಗಿ ಎಷ್ಟು ಬೇಕು? ಬಂದವನು ತಲೆ ಕೆರೆದುಕೊಂಡು ಅರ್ಧಕ್ಕೆ ಇಳಿಯುತ್ತಿದ್ದ, ಇವನು ಆ ಅರ್ಧವನ್ನು ಬರೆದುಕೊಂಡು, ಮೇಲಿನವರಿಗೆ ಶಿಫಾರಸು ಮಾಡಿ, ಒಳ್ಳೆಯ ಕೆಲಸ ಮಾಡಿದೆ ಅಂತ ಮನೆಗೆ ಹೋಗುತ್ತಿದ್ದ. ಆ ಪ್ರಶ್ನೆಯನ್ನು ಇನ್ನೊಬ್ಬ ತನಗೆ ಕೇಳಿದಾಗ ಮೇಜಿನ ಆಚೆ ಕೂತಿದ್ದೇನೆ ಅಂತ ಅವನಿಗೆ ತೋಚಲೇ ಇಲ್ಲ. ತಾವಿಬ್ಬರೂ ಮೇಜಿನ ಒಂದೇ ಕಡೆ ಕೂತು ಯಾರೋ ಮೂರನೆಯವನ ಅರ್ಜಿ ನೋಡುತ್ತಿದ್ದೇವೆ ಅನ್ನಿಸಿತು. "ನಿಜ ಹೇಳಬೇಕು ಅಂದ್ರೆ ಸಾರ್, ಉತ್ತರದ ಒಂದೂವರೆ ಕಿಲೋಮೀಟರ್ ಉಳಿದ್ರೆ ಸಾಕು. ನೂರಕ್ಕೆ ಎಪ್ಪತ್ತು ಗೂಡು ಅಲ್ಲೇ ಇರೋದು," ಅಂದ. "ಹಂಗನ್ನಿ ಮತ್ತೆ," ಅಂತ ವಿನಾಯಕ ಅವನ ತೊಡೆ ತಟ್ಟಿ ಒಳಗೆ ಹೋದ. ತಟ್ಟಿದ ಜಾಗದಲ್ಲಿ ಸ್ವಲ್ಪ ಹೊತ್ತು ಸುಖವೇ ಇತ್ತು, ಸುಳ್ಳು ಯಾಕೆ ಹೇಳಬೇಕು.

ಎಷ್ಟು ಬೇಕು ಅಂತ ಯಾರೇ ಕೇಳಲಿ, ಉತ್ತರ ಮಾಸ್ಟಾರು ಒಬ್ಬರೇ ಕೊಡಬೇಕು, ಉತ್ತರ ನಾಲ್ಕೇ ಅಂತ ಹೋದ ಭಾನುವಾರ ಕಾಳಮ್ಮನ ಹಳ್ಳಿಯ ಸರ್ವೆ ಮರದ ತೋಪಿನಲ್ಲಿ ಮಾತಾಗಿತ್ತು. ಮೂರು ವರ್ಷದ ಹಿಂದೆ ಈಶ್ವರಯ್ಯ ಮಾಸ್ಟಾರು, ರಿಟೈರಾದ ಹೈಸ್ಕೂಲ್ ಮೇಷ್ಟ್ರು, ಪಿಂಚಣಿ ತಗೊಳ್ಳಲು ಬ್ರಾಂಚಿಗೆ ಬಂದವರು ಒಂದು ಇಂಗ್ಲಿಷ್ ಅರ್ಜಿ ತಿದ್ದಿಕೊಡಿ ಅಂತ ಶುರು ಮಾಡಿದ್ದು. ಸಮುದ್ರದಂಡೆಯ ಮೇಲೆ ಯಾರೋ ಕಂಪನಿಯವರು ರೆಸಾರ್ಟು, ದೀಪ, ಗೋಡೆ, ರಸ್ತೆ ಅಂತ ಹೊರಟಿದ್ದರು. ದೀಪ ಇದ್ದ ಕಡೆ ಆಮೆ ಮೊಟ್ಟೆ ಇಡುವುದಿಲ್ಲ, ಗೋಡೆ ಬಂದರೆ ಬೆಸ್ತರು ದೋಣಿ ಎಳೆಯುವುದೆಲ್ಲಿ. ಅರ್ಜಿ ತಿದ್ದಿದವನು ಮುಂದಿನ ಅರ್ಜಿ ಬರೆದ, ಆಮೇಲೆ ಎಲ್ಲ ಅರ್ಜಿಯೂ ಅವನದೇ. ಎಂಎಲ್ಎ ಮನೆ ಮುಂದೆ ಬೆಳಗ್ಗೆ ಆರಕ್ಕೆ ಕ್ಯೂ ನಿಲ್ಲುವುದು, ಶಾಲೆ ಮಕ್ಕಳ ಕೈಲಿ ಮಂತ್ರಿಗೆ ಕಾರ್ಡು ಬರೆಸುವುದು, ಹೈದರಾಬಾದಿಗೆ ಹೋಗಿ ನಾಲ್ಕು ಮಹಡಿ ಹತ್ತಿ ನಕಲಿನ ಮೇಲೆ 'ಸ್ವೀಕರಿಸಿದೆ' ಅನ್ನುವ ಠಸ್ಸೆ ಹಾಕಿಸಿಕೊಂಡು ಇಳಿಯುವುದು. ಮೂರು ವರ್ಷದಲ್ಲಿ ಅವರು ಗಳಿಸಿದ್ದು ಅಂಥ ನಲವತ್ತು ಠಸ್ಸೆ. ಮಾಸ್ಟಾರು ಅವನ್ನು ಒಂದು ಫೈಲಿನಲ್ಲಿ ಜೋಡಿಸಿ ಆಗಾಗ ತೆಗೆದು ನೋಡುತ್ತಿದ್ದರು. ಕೆಲಸ ಕೊಡುತ್ತೇವೆ, ವಾಚ್‌ಮನ್ ಮಾಡುತ್ತೇವೆ ಅಂತ ಕಂಪನಿಯವರು ಹಳ್ಳಿಯ ಗಂಡಸರನ್ನು ಒಲಿಸಿಕೊಂಡಾಗ ಮನೆಮನೆಗೆ ಹೋಗಿ ಅವರನ್ನು ತಿರುಗಿಸಿದವಳು ಕಾಳಮ್ಮ. ಅವಳು ಒಣಮೀನು ಮಾರುವವಳು, ಅವಳ ಬಾಯಿಗೆ ಊರೇ ಹೆದರುತ್ತಿತ್ತು. ತುಂಡು ಮಾಡಿದರೆ ನಾವು ಸತ್ತೆವು, ಪೂರ್ತಿ ಕೇಳೋಣ ಅಂದಳು. ತೋಪಿನಲ್ಲಿ ಎಲ್ಲರೂ ಬೆಸ್ತರ ದೇವತೆ ಗಂಗಮ್ಮ ತಲ್ಲಿಯ ಹೆಸರಲ್ಲಿ ಒಂದೊಂದು ಹಿಡಿ ಮರಳು ಕೈಲಿ ಹಿಡಿದು ಆಣೆ ಇಟ್ಟರು. ನರಸಿಂಹಮೂರ್ತಿಯೂ ಹಿಡಿದಿದ್ದ. ಆಫೀಸರಾದ ತಾನು ಇದೆಲ್ಲ ಮಾಡಬಹುದೇ ಅಂತ ಒಂದು ಕ್ಷಣ ನಾಚಿದ್ದ, ಅದು ಬಿಟ್ಟರೆ ಆ ಮರಳು ಬೆಚ್ಚಗಿತ್ತು ಅನ್ನುವುದಷ್ಟೇ ನೆನಪು. ಜೂನ್‌ನಲ್ಲಿ ಹೊರಟುಹೋಗುತ್ತೇನೆ ಅನ್ನುವುದನ್ನು ಆವತ್ತೂ ಹೇಳಲಿಲ್ಲ. ಹೋಗುವ ಮುಂಚೆ ಏನಾದರೂ ಒಂದು ಆಗಲಿ, ಅರ್ಧವೋ ಕಾಲೋ, ನಾನಿದ್ದಾಗ ಆಯ್ತು ಅಂತ ಆಗಲಿ ಅಂತ ಒಳಗೊಳಗೇ ಇತ್ತೇ? ಇತ್ತು. ಇಲ್ಲದಿದ್ದರೆ ಒಂದೂವರೆ ಅನ್ನುವುದು ಅಷ್ಟು ಸಲೀಸಾಗಿ ನಾಲಿಗೆ ತುದಿಗೆ ಎಲ್ಲಿಂದ ಬರುತ್ತಿತ್ತು.

ಕಾಳಮ್ಮನ ಹಳ್ಳಿ ಇದ್ದದ್ದು ದಕ್ಷಿಣದ ತುದಿಯಲ್ಲಿ. ಒಂದೂವರೆ ಅಂದರೆ ಅವಳ ಹಳ್ಳಿ ಆಚೆ ಬಿತ್ತು, ಅರವತ್ತು ಮನೆಯ ದೋಣಿಗಳೂ ಆಚೆ ಬಿದ್ದವು. ಇದು ಅವನಿಗೆ ಗೊತ್ತಿರಲಿಲ್ಲವೇ. ಆ ತೀರದ ನಕ್ಷೆ ಬ್ರಾಂಚಿನ ಕಂಪ್ಯೂಟರಿನಲ್ಲಿ ಅಳತೆ ಹಾಕಿ ಮಾಡಿದವನೇ ಅವನು. ಈಗ ಪಕ್ಕದಲ್ಲಿ ಕೂತು ಅವಳು ಡಬ್ಬಿಯ ಮುಚ್ಚಳ ತೆಗೆದು, ಸಿಪ್ಪೆಗಳು ಒಡೆದಿಲ್ಲ ತಾನೇ ಅಂತ ನೋಡಿ, ಮತ್ತೆ ಮುಚ್ಚಿದಳು. ಒಡೆದಿರುವುದನ್ನೇ ಒಡೆದಿಲ್ಲ ತಾನೇ ಅಂತ ನೋಡುತ್ತಾಳಲ್ಲ ಅಂತ ನಗು ಬಂತು, ನಗು ಅರ್ಧಕ್ಕೇ ನಿಂತಿತು. ಎದ್ದು ಒಳಗೆ ಹೋಗಿ, ಸಾರ್ ನಾನು ಹೇಳಿದ್ದನ್ನ ಮರೆತುಬಿಡಿ ಅನ್ನಬೇಕು. ಎರಡು ನಿಮಿಷದ ಕೆಲಸ. ಬಾಗಿಲಲ್ಲಿ ಡವಾಲಿ ಹಾಕಿದ ಜವಾನ ನಿಂತಿದ್ದ. ಅವನನ್ನು ದಾಟಲು ಏನಂತ ಹೇಳುವುದು? ಊರಿನವರು ಅಂತ ಸಲಿಗೆ ತೋರಿಸಿದರೆ ತಲೆ ಮೇಲೆ ಕೂತ ಅಂದುಕೊಂಡರೆ? ವಿನಾಯಕ ಅದನ್ನು ಬರೀ ತಿಳಿದುಕೊಳ್ಳಲು ಕೇಳಿರಬೇಕು, ಎಲ್ಲಿ ಬರೆಯುತ್ತಾನೆ. ಹೀಗೆ ತನಗೆ ತಾನೇ ಪೂಸಿ ಹೊಡೆದುಕೊಳ್ಳುತ್ತ ಕೂತ. ಅಷ್ಟರಲ್ಲಿ ಮಾಸ್ಟಾರೂ ಸುಮಿತ್ರಾಳೂ ಜೆರಾಕ್ಸ್ ಹಿಡಿದು ಬಂದರು. ಕಾಳಮ್ಮನ ಮುಖ ಅರಳಿತು. "ಮಾಸ್ಟಾರೂ, ಒಳಗಿನ ದೊಡ್ಡ ಸಾರು ಬಾಬು ಊರಿನವರೇ. ಎಷ್ಟು ಹೊತ್ತು ಮಾತಾಡಿದರು ಗೊತ್ತಾ ತಮ್ಮ ಭಾಷೆಯಲ್ಲಿ. ಬಾಬು ಎಲ್ಲ ಹೇಳಿದಾರೆ. ನಮ್ಮ ಕೆಲಸ ಆಯಿತು ಅಂದುಕೊಳ್ಳಿ," ಅಂದಳು. ಮಾಸ್ಟಾರು ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಮುದುಕರ ಅಂಗೈ ಬೆವರಿತ್ತು. "ದೇವರೇ ಕಳಿಸಿದ ಹಾಗಾಯಿತು ಮೂರ್ತಿಗಾರು," ಅಂದರು. ಅವನು ಹಲ್ಲು ಬಿಟ್ಟ.

ಹಾಲಿನಲ್ಲಿ ಹಸಿರು ಬಟ್ಟೆ ಹೊದಿಸಿದ ಮೇಜಿನ ಆಚೆ ಏಳು ಜನ ಶಾಸಕರು, ಮಧ್ಯದಲ್ಲಿ ಅಧ್ಯಕ್ಷರಾದ ದುರ್ಗಾಪ್ರಸಾದ್, ಬಿಳಿ ಷರಟಿನ, ನಿದ್ದೆಗಣ್ಣಿನ ಸಭ್ಯ ಮುದುಕರು. ಮಾಸ್ಟಾರು ಹನ್ನೆರಡು ನಿಮಿಷ ಮಾತಾಡಿದರು. ಸುಮಿತ್ರಾ ಫೋಟೋ ಹಂಚಿದಳು. ಅವಳು ಭೀಮುನಿಪಟ್ಟಣದ ಕಡೆಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುವ ಟೆಂಪರರಿ ಲೆಕ್ಚರರ್; ಎರಡು ಚಳಿಗಾಲ ದಿನಾ ಬೆಳಗಾಗುವ ಮುಂಚೆ ಆ ನಾಲ್ಕು ಕಿಲೋಮೀಟರ್ ನಡೆದು ಗೂಡು ಎಣಿಸಿದವಳು. ಎಣಿಕೆಯ ಪಟ್ಟಿ ಟೈಪ್ ಮಾಡಲು ಕೊಟ್ಟಾಗ, ಮೂರ್ತಿಗಾರು, ಎಲ್ಲಿ ಎಷ್ಟು ಗೂಡು ಅನ್ನುವ ಈ ಪುಟ ಅರ್ಜಿಗೆ ಸೇರಿಸಬೇಡಿ, ಎರಡೇ ವರ್ಷದ ಲೆಕ್ಕ ಇದು, ಆಮೆ ವರ್ಷಕ್ಕೊಂದು ಕಡೆ ದಡ ಹತ್ತುತ್ತೆ, ಇವರ ಕೈಗೆ ಸಿಕ್ಕರೆ ಇದನ್ನೇ ಕತ್ತರಿ ಮಾಡಿಕೊಳ್ಳುತ್ತಾರೆ ಅಂದಿದ್ದಳು. ಅವನು ಸೇರಿಸಿರಲಿಲ್ಲ. ಕಾಳಮ್ಮ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಅಧ್ಯಕ್ಷರು ಬಗ್ಗಿ ನೋಡಿ ಒಳ್ಳೆಯದಮ್ಮಾ ಅಂದರು. ಜವಾನ ಬಂದು ಡಬ್ಬಿಯನ್ನು ಹಸಿರು ಬಟ್ಟೆಯ ಮೇಲಿಂದ ಎತ್ತಿ ಕಿಟಕಿಯ ಮೇಲಿಟ್ಟ. ಅವಳು ಕಿಟಕಿಯನ್ನೇ ನೋಡುತ್ತ ನಿಂತಳು. ಆಗ ಅಧ್ಯಕ್ಷರು ಫೈಲಿನೊಳಗಿದ್ದ ಸಣ್ಣ ಚೀಟಿಯೊಂದನ್ನು ಕಣ್ಣಿಗೆ ಹತ್ತಿರ ಹಿಡಿದು, "ನೀವೇ ಉತ್ತರದ ಒಂದೂವರೆ ಕಿಲೋಮೀಟರ್ ಸಾಕು ಅಂದಿದ್ದೀರಂತೆ. ಸಂತೋಷ. ಹೊಂದಿಕೊಂಡು ಹೋಗುವವರಿದ್ದರೆ ನಮಗೂ ಶಿಫಾರಸು ಮಾಡಲು ಸುಲಭ," ಅಂದರು.

"ಯಾರು ಹೇಳಿದರು ಅಯ್ಯಾ?" ಅಂದರು ಮಾಸ್ಟಾರು. ಅವರ ದನಿ ತರಗತಿಯಲ್ಲಿ ಕಳ್ಳತನ ಹಿಡಿದ ಮೇಷ್ಟ್ರ ದನಿಯಲ್ಲ, ಕಳ್ಳತನ ಹೊರಿಸಿಕೊಂಡವರದು. ಅಧ್ಯಕ್ಷರು ಕಾರ್ಯದರ್ಶಿಯ ಕಡೆ ನೋಡಿದರು. ವಿನಾಯಕ ತೆಲುಗಿನಲ್ಲಿ, ಯಾರ ಮುಖವನ್ನೂ ನೋಡದೆ, "ಬಂದವರನ್ನು ವಿಚಾರಿಸಿದಾಗ ತಿಳಿದುಬಂದದ್ದು," ಅಂದ. ಎಷ್ಟು ಅಚ್ಚುಕಟ್ಟಾದ ವಾಕ್ಯ. ನರಸಿಂಹಮೂರ್ತಿಯೂ ಸಾಲದ ಫೈಲಿನಲ್ಲಿ ಇದೇ ಬರೆಯುತ್ತಿದ್ದ: ಅರ್ಜಿದಾರರನ್ನು ವಿಚಾರಿಸಲಾಗಿ. ಮೇಜಿನ ಹಸಿರು ಬಟ್ಟೆಗೆ ಸಿಗರೇಟಿನ ಕಿಡಿ ತಾಗಿ ಒಂದು ತೂತು ಬಿದ್ದಿತ್ತು. ಅವನು ಆ ತೂತನ್ನು ನೋಡಿದ. ಒಂದು ಮಾತು, ನಾನೇ ಸಾರ್ ಅನ್ನುವ ಎರಡು ಪದ, ಗಂಟಲ ಬುಡದವರೆಗೆ ಬಂದವು. ಬ್ಯಾಂಕಿಗೆ ಜ್ವರ ಅಂತ ರಜೆ ಹಾಕಿ ಬಂದಿದ್ದೇನೆ, ಇಲ್ಲಿ ನನ್ನ ಹೆಸರು ಬರೆದುಕೊಂಡರೆ ಏನು ಗತಿ ಅನ್ನುವುದು ಹಿಂದೆಯೇ ಓಡಿ ಬಂದು ಆ ಎರಡು ಪದವನ್ನೂ ಕೆಳಗೆ ತಳ್ಳಿತು. ಇಷ್ಟು ಕ್ಷುಲ್ಲಕ ಕಾರಣವೇ ಅಂತ ಅವನಿಗೇ ಅಸಹ್ಯವಾಯಿತು. ಸಮಿತಿ ಐದಕ್ಕೆ ಏಳುತ್ತದೆ, ನಿಮ್ಮದು ಬೇರೆ ಅಭಿಪ್ರಾಯವಿದ್ದರೆ ಅಷ್ಟರೊಳಗೆ ಕಾರ್ಯದರ್ಶಿಗೆ ಬರೆದುಕೊಡಿ, ಇಲ್ಲದಿದ್ದರೆ ವರದಿ ಹೀಗೇ ಹೋಗುತ್ತದೆ ಅಂದರು ಅಧ್ಯಕ್ಷರು. ಹೊರಗೆ ಬಂದಾಗ ನಾಲ್ಕಾಗಿತ್ತು.

ಅತಿಥಿಗೃಹದ ಪಕ್ಕದಲ್ಲಿ ಕಾಲುವೆ. ಕಾಲುವೆಯ ಕಟ್ಟೆಯ ಮೇಲೆ ಒಂದು ಬೇವಿನ ಮರ, ಅದರ ಕೆಳಗೆ ಮಾಸ್ಟಾರು ಕರ್ಚೀಫು ಹಾಸಿಕೊಂಡು ಕೂತರು. ಬಿಪಿ ಮಾತ್ರೆ ನುಂಗಿದರು. ನೀರಿಲ್ಲದೆ ನುಂಗಿದರು, ನರಸಿಂಹಮೂರ್ತಿ ಬಾಟಲಿ ಚಾಚುವಷ್ಟರಲ್ಲಿ ಆಗಿಹೋಗಿತ್ತು. ಆಮೇಲೆ ಅವರು ಸುಮಿತ್ರಾಳ ಕಡೆ ನೋಡದೆಯೇ, "ಅಮ್ಮಾ, ಉತ್ತರದ ಕಡೆ ಹೆಚ್ಚು ಅನ್ನುವ ಲೆಕ್ಕ ನಿನ್ನ ಪುಸ್ತಕದಲ್ಲಿ ಮಾತ್ರ ಇತ್ತು," ಅಂದರು. "ನಾನು ಯಾರ ಹತ್ತಿರವೂ ಮಾತಾಡಿಲ್ಲ ಮಾಸ್ಟಾರು." "ನಿನ್ನ ಕೆಲಸ ಪರ್ಮನೆಂಟ್ ಆಗಬೇಕು. ಕಾಲೇಜಿಗೆ ಯಾರಾದರೂ ಹೇಳಿಸಿರಬಹುದು. ಕಷ್ಟ ನನಗೆ ಅರ್ಥವಾಗುತ್ತೆ. ಆದರೆ ನನಗೆ ಒಂದು ಮಾತು ಹೇಳಬಹುದಿತ್ತು." ಸುಮಿತ್ರಾ ಒಂದು ಸಲ, ಒಂದೇ ಸಲ, ನರಸಿಂಹಮೂರ್ತಿಯ ಕಡೆ ನೋಡಿದಳು. ಪಟ್ಟಿ ಟೈಪ್ ಮಾಡಿದವನು ಅವನು. ಅದು ಅವಳಿಗೆ ಗೊತ್ತು, ಅವನಿಗೆ ಗೊತ್ತು. ಮಾಸ್ಟಾರಿಗೆ ಅವನ ಮೇಲೆ ಅನುಮಾನ ಬರುವುದು ಸಾಧ್ಯವೇ ಇರಲಿಲ್ಲ, ಅವರ ಪಾಲಿಗೆ ಅವನು ಬ್ಯಾಂಕಿನವನು, ಮೂರ್ತಿಗಾರು. ಅವಳು ಕಣ್ಣು ತೆಗೆದು ಕಾಲುವೆಯ ನೀರು ನೋಡತೊಡಗಿದಳು. ಕಾಳಮ್ಮ ಇಬ್ಬರ ನಡುವೆ ನಿಂತು, "ಅಲ್ಲಾ, ಬಾಬು ಅಷ್ಟು ಹೊತ್ತು ನಮ್ಮ ಪರವಾಗಿ ಹೇಳಿದರಲ್ಲ, ಆ ಸಾರು ಅದನ್ನ ಬಿಟ್ಟು ಈ ಮಾತು ಎಲ್ಲಿಂದ ತಂದರು?" ಅಂತ ಕೇಳಿದಳು. ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅಂತ ಅಮ್ಮ ಅನ್ನುತ್ತಿದ್ದದ್ದು ನರಸಿಂಹಮೂರ್ತಿಗೆ ನೆನಪಾಯಿತು. ಕಟ್ಟೆಯ ಮಣ್ಣು ಗಟ್ಟಿಯಾಗಿ ಹಾಗೇ ಇತ್ತು, ಅವನ ಬೂಟುಗಳೂ ಅದರ ಮೇಲೆ ಹಾಗೇ ಇದ್ದವು.

"ಬರೀರಿ ಮೂರ್ತಿಗಾರು," ಅಂದರು ಮಾಸ್ಟಾರು. "ನಮ್ಮಲ್ಲಿ ಯಾರೂ ಹಾಗೆ ಹೇಳಿಲ್ಲ ಅಂತ ಬರೀರಿ." ಬರೆದ. ಥೂ, ಎಷ್ಟು ಚೆನ್ನಾಗಿ ಬರೆದ. ಕೆಳಗೆ ಸಹಿ ಮಾಡಿರುವವರಲ್ಲಿ ಯಾರೊಬ್ಬರೂ, ಯಾವುದೇ ಸಂದರ್ಭದಲ್ಲಿ, ಯಾವುದೇ ಭಾಷೆಯಲ್ಲಿ ಅಂತ ಇಂಗ್ಲಿಷಿನಲ್ಲಿ ಬರೆದುಕೊಂಡು ಹೋದವನು 'ಯಾವುದೇ ಭಾಷೆಯಲ್ಲಿ' ಎಂಬಲ್ಲಿ ಪೆನ್ನು ನಿಂತು, ಅದನ್ನು ಯಾರೂ ಕೇಳಿರಲಿಲ್ಲವಲ್ಲ ಅಂತ ಹಾಳೆ ಹರಿದು, ಇನ್ನೊಂದು ಹಾಳೆಯಲ್ಲಿ ಅದಿಲ್ಲದೆ ಬರೆದ. ಮೊದಲು ಮಾಸ್ಟಾರು ಸಹಿ ಹಾಕಿದರು. ಸುಮಿತ್ರಾ ಓದದೆಯೇ ಹಾಕಿದಳು. ಕಾಳಮ್ಮ ನೆಲಕ್ಕೆ ಕೂತು, ಫೈಲನ್ನು ಮಂಡಿಯ ಮೇಲಿಟ್ಟುಕೊಂಡು, ಕೆಳದುಟಿ ಕಚ್ಚಿ, ಮಾಸ್ಟಾರ ರಾತ್ರಿಶಾಲೆಯಲ್ಲಿ ಕಲಿತ ಅಕ್ಷರಗಳನ್ನು ಒಂದೊಂದಾಗಿ ತೆಲುಗಿನಲ್ಲಿ ಇಳಿಸಿದಳು. ಮೂರು ನಿಮಿಷ ಹಿಡಿಯಿತು. ಕೊನೆಯ ಅಕ್ಷರಕ್ಕೆ ಜಾಗ ಸಾಲದೆ ಅದು ಕೆಳಗೆ ಬಾಗಿತು. ಹೆಬ್ಬೆಟ್ಟು ಒತ್ತುವುದಿಲ್ಲ ಅಂತ ಬೆಳಗ್ಗೆ ರೈಲಿನಲ್ಲೇ ಹೇಳಿದ್ದಳು, ಸರ್ಕಾರದ ಕಾಗದದ ಮೇಲೆ ನನ್ನ ಹೆಸರೇ ಇರಬೇಕು ಅಂತ. ಆ ಹೆಸರಿನ ಕೆಳಗೆ ನರಸಿಂಹಮೂರ್ತಿ ತನ್ನದನ್ನು ಗೀಚಿದ. ಅರೆ ನಿಮಿಷವೂ ಬೇಕಾಗಲಿಲ್ಲ.

ಕಾಗದ ಕೊಡಲು ಕಾರ್ಯದರ್ಶಿಯ ಕೋಣೆಗೆ ಅವನೊಬ್ಬನೇ ಹೊರಟಿದ್ದ. ಕಾಳಮ್ಮ, ನಾನೂ ಬರುತ್ತೇನೆ ಬಾಬೂ, ಆ ಸಾರಿಗೆ ಒಂದು ಕೈ ಮುಗಿಯುತ್ತೇನೆ ಅಂತ ಹಿಂದೆಯೇ ಬಂದಳು. ಬೇಡ ಅನ್ನಲು ಅವನಿಗೆ ಯಾವ ಕಾರಣವೂ ಸಿಗಲಿಲ್ಲ. ವಿನಾಯಕ ಕಾಗದ ಓದಿದ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. "ಏನ್ರೀ ಮೂರ್ತಿ ಇದು? ಇದನ್ನ ತಗೊಂಡ್ರೆ ನಾನು ಸುಳ್ಳ ಆಗ್ತೀನಿ," ಅಂದ ಕನ್ನಡದಲ್ಲಿ. ಕೋಪವಿರಲಿಲ್ಲ, ಬೇಸರವಿತ್ತು, ಅದೇ ಅರಸೀಕೆರೆಯ ಮಾತು. "ಎಲ್ರೂ ಹಂಗೆ ಹೇಳಿ ಅಂದ್ರು ಸಾರ್," ಅಂತ ಬಾಯಿಗೆ ಬಂತು. ಬಾಯಿಗೆ ಬಂದದ್ದನ್ನು ಹೇಳಿಯೂ ಬಿಟ್ಟ. ಇದಕ್ಕಿಂತ ಕೀಳಾದ ಮಾತು ತನ್ನ ಬಾಯಲ್ಲಿ ಯಾವತ್ತಾದರೂ ಬಂದಿತ್ತೇ ಅಂತ ಹುಡುಕಿದ, ಸಿಗಲಿಲ್ಲ. ವಿನಾಯಕ ಹೇಳಿದ: "ನೋಡ್ರೀ. ನನ್ನ ನೋಟಲ್ಲಿ ಒಬ್ರು ಹೇಳಿದ್ರು ಅಂತಿದೆ. ನಿಮ್ಮ ಕಾಗದದಲ್ಲಿ ಯಾರೂ ಹೇಳಿಲ್ಲ ಅಂತಿದೆ. ಸಮಿತಿ ನನ್ನದನ್ನೇ ನಂಬುತ್ತೆ. ಇದರಿಂದ ನಿಮಗೇನೂ ಲಾಭ ಇಲ್ಲ. ವಾಪಸ್ ತಗೊಂಡುಹೋಗಿ. ನಿಮ್ಮ ಹೆಸರು ನಾನು ಎಲ್ಲೂ ಹೇಳಿಲ್ಲ, ಹೇಳೋದೂ ಇಲ್ಲ. ಒಂದೂವರೆ ಕಮ್ಮಿ ಏನಲ್ಲ. ಜೂನ್‌ಗೆ ನೀವು ಹೊರಟೋಗ್ತೀರ." ಸ್ವಲ್ಪ ತಡೆದು, "ಇಲ್ಲಾಂದ್ರೆ ಹೇಳಿದ್ದು ನಾನು, ನಮ್ಮ ಗುಂಪಲ್ಲ, ಹೇಳೋ ಅಧಿಕಾರ ನನಗಿರ್ಲಿಲ್ಲ ಅಂತ ನೀವೊಬ್ರೇ ಬರಕೊಡಿ. ಆಗ ನನ್ನ ನೋಟು ತಾನಾಗೇ ಬಿದ್ದೋಗುತ್ತೆ, ನಾಲ್ಕು ಕಿಲೋಮೀಟರ್ ಹಂಗೇ ಚರ್ಚೆಗೆ ಹೋಗುತ್ತೆ. ಆದ್ರೆ ಬ್ಯಾಂಕಿನೋರು ನೀವು. ಆ ಕಾಗದ ಎಲ್ಲೆಲ್ಲಿ ಓಡಾಡುತ್ತೋ ನನ್ನ ಕೈಲಿರಲ್ಲ. ಯೋಚನೆ ಮಾಡಿ," ಅಂದ.

ಯೋಚನೆ ಮಾಡುವುದಕ್ಕೆ ಏನೂ ಇರಲಿಲ್ಲ, ಅದೇ ಕಷ್ಟ. ವಾಪಸ್ ತಗೊಂಡರೆ ಆಯಿತು. ಹೊರಗೆ ಹೋಗಿ ಸ್ವೀಕರಿಸಲಿಲ್ಲ ಮಾಸ್ಟಾರು, ಸಮಯ ಮೀರಿತಂತೆ ಅಂದರೆ ಆಯಿತು. ಹೇಗೂ ಇವರಿಬ್ಬರ ನಡುವೆ ನಡೆದದ್ದು ಈ ಊರಲ್ಲಿ ಯಾರಿಗೂ ಅರ್ಥವಾಗದ ಭಾಷೆಯಲ್ಲಿ ನಡೆದದ್ದು. ಈ ಮನುಷ್ಯ ನನಗೆ ಉಪಕಾರ ಮಾಡುತ್ತಿದ್ದಾನೆ, ತನ್ನವನು ಅಂತ ಮಾಡುತ್ತಿದ್ದಾನೆ ಅಂತ ಅನ್ನಿಸಿ ಕಣ್ಣು ತೇವವಾಯಿತು, ಆ ತೇವಕ್ಕೇ ನಾಚಿಕೆಯೂ ಆಯಿತು. ಕಾಳಮ್ಮ ಪಕ್ಕದಲ್ಲಿ ಕೈ ಮುಗಿದೇ ನಿಂತಿದ್ದಳು. ವಿನಾಯಕ ಮಾತಾಡಿದಾಗ ವಿನಾಯಕನ ಮುಖ, ಇವನು ಮಾತಾಡಿದಾಗ ಇವನ ಮುಖ, ಪ್ರತಿ ಮಾತಿಗೂ ಸಣ್ಣಗೆ ತಲೆ ಆಡಿಸುತ್ತ, ಒಂದು ಅಕ್ಷರವೂ ಗೊತ್ತಾಗದೆ, ಒಳ್ಳೆಯದೇ ನಡೆಯುತ್ತಿದೆ ಅನ್ನುವ ಧೈರ್ಯದಲ್ಲಿ. ಅವಳು ಏನಾದರೂ ಕೇಳಿದ್ದರೆ ಅವನು ಮತ್ತೊಂದು ಸುಳ್ಳು ಹೇಳುತ್ತಿದ್ದ, ಅದರಲ್ಲಿ ಅನುಮಾನವೇ ಇಲ್ಲ. ಅವಳು ಕೇಳಲಿಲ್ಲ. ಇವನ ಕಡೆ ನೋಡಿ ನಕ್ಕಳು. ನರಸಿಂಹಮೂರ್ತಿ ಅವಳ ಕಡೆ ತಿರುಗಿದ. "ಕಾಳಮ್ಮ, ಇವರು ಸುಳ್ಳು ಹೇಳಿಲ್ಲ," ಅಂದ ತೆಲುಗಿನಲ್ಲಿ. "ಒಂದೂವರೆ ಸಾಕು ಅಂದವನು ನಾನೇ."

ಅವಳಿಗೆ ತಟ್ಟನೆ ಹತ್ತಲಿಲ್ಲ. ಕೈ ಮುಗಿದದ್ದು ಮುಗಿದ ಹಾಗೇ ಇತ್ತು. "ಯಾವಾಗ ಬಾಬೂ?"

"ಮಧ್ಯಾಹ್ನ. ಹೊರಗೆ ಬೆಂಚಿನ ಮೇಲೆ."

"ನಾನು ಪಕ್ಕದಲ್ಲೇ ಕೂತಿದ್ದೆನಲ್ಲ."

"ಕೂತಿದ್ದೆ."

ಬೈಯುತ್ತಾಳೆ ಅಂದುಕೊಂಡಿದ್ದ. ದಂಡೆಯ ಮೇಲೆ ದೋಣಿ ಗಂಡಸರನ್ನು ಅವಳು ಬೈಯುವುದನ್ನು ಕೇಳಿದ್ದ, ಹಾಗೆ ಬೈದರೆ ತಡೆದುಕೊಳ್ಳಬಹುದಿತ್ತು. ಅವಳು ಕೈ ಇಳಿಸಿದಳು. ಮೇಜಿನ ಮೇಲಿದ್ದ ಕಾಗದವನ್ನು ತೋರಿಸಿ, "ಅದರಲ್ಲಿ ನನ್ನ ಹೆಸರಿದೆ. ಕೊಡಿ," ಅಂದಳು. ವಿನಾಯಕ ಕೊಟ್ಟ. ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ಹೋದಳು. ವಿನಾಯಕ ಒಂದು ಬಿಳಿ ಹಾಳೆ ಮುಂದೆ ತಳ್ಳಿ ಗಡಿಯಾರ ನೋಡಿದ. ನರಸಿಂಹಮೂರ್ತಿ ಹಾಳೆ ತಗೊಂಡು ವರಾಂಡದ ಬೆಂಚಿಗೆ ಬಂದು ಕೂತು ಬರೆಯತೊಡಗಿದ. ಬರೆಯುತ್ತ ಬರೆಯುತ್ತ ಒಂದು ಸಲ ತಲೆ ಎತ್ತಿದಾಗ, ದೂರ, ಬೇವಿನ ಮರದ ಕೆಳಗೆ ಕಾಳಮ್ಮ ಇಬ್ಬರಿಗೂ ಹೇಳುತ್ತಿರುವುದು ಕಂಡಿತು. ಮಾತು ಕೇಳಿಸಲಿಲ್ಲ. ಅವಳು ಕೈಯಾಡಿಸಿ ಬೆಂಚಿನ ಅಳತೆ ತೋರಿಸುತ್ತಿದ್ದಳು: ಅವರು ಇಲ್ಲಿ, ನಾನು ಇಲ್ಲಿ. ಮಾಸ್ಟಾರು ಎದ್ದು ನಿಂತರು. ನರಸಿಂಹಮೂರ್ತಿ ಮತ್ತೆ ತಲೆ ಎತ್ತಲಿಲ್ಲ. ಬರೆದ: ಇಂತಿಂಥ ಬ್ಯಾಂಕಿನ ಇಂತಿಂಥ ಶಾಖೆಯ ಅಧಿಕಾರಿಯಾದ ನಾನು, ಗುಂಪಿನ ಯಾರ ಒಪ್ಪಿಗೆಯೂ ಇಲ್ಲದೆ, ಹೇಳುವ ಅಧಿಕಾರವಿಲ್ಲದೆ, ಇಂಥ ಮಾತು ಹೇಳಿದ್ದೇನೆ; ಅದು ಗುಂಪಿನ ಮಾತಲ್ಲ; ಗೂಡುಗಳ ಲೆಕ್ಕವನ್ನು ಕುಮಾರಿ ಸುಮಿತ್ರಾ ಹೊರಗೆ ಹೇಳಿಲ್ಲ, ನಾನು ಹೇಳಿದ್ದು; ನಾಲ್ಕು ಕಿಲೋಮೀಟರ್ ಕೋರಿಕೆ ಇದ್ದ ಹಾಗೇ ಇದೆ. ಪೂರ್ತಿ ಹೆಸರು, ಊರು, ನೌಕರಿಯ ನಂಬರು ಎಲ್ಲ ಹಾಕಿದ. ಮುಗಿಸಿದಾಗ ಅಂಗಿ ಬೆನ್ನಿಗೆ ಅಂಟಿತ್ತು, ಮೊದಲ ಸಲ ಉಸಿರು ಸರಾಗವಾಗಿ ಬಂತು. ಮಾಡಬೇಕಾದ್ದು ಮಾಡಿದೆ ಅಂತ ಒಂದು ಸಣ್ಣ ಸಮಾಧಾನ ಕೂಡ ಮೇಲಕ್ಕೆ ಬಂತು.

ನೆರಳು ಬಿತ್ತು. ಮೂವರೂ ಎದುರಿಗೆ ನಿಂತಿದ್ದರು. ಸುಮಿತ್ರಾ ಕೈ ಚಾಚಿದಳು, ಅವನು ಕಾಗದ ಕೊಟ್ಟ. ಅವಳು ನಿಂತೇ ಓದಿದಳು, ನಿಧಾನವಾಗಿ, ಗೂಡು ಎಣಿಸುವವಳ ಹಾಗೆ ಪ್ರತಿ ಸಾಲಿಗೂ ಬೆರಳಿಟ್ಟುಕೊಂಡು. ಒಂದು ಕಡೆ ಬೆರಳು ನಿಂತಿತು.

"ಮೂರ್ತಿಗಾರು, ಇಲ್ಲಿ 'ಅಚಾತುರ್ಯದಿಂದ ಹೇಳಿದ್ದೇನೆ' ಅಂತ ಬರೆದಿದ್ದೀರಿ."

ಬರೆದಿದ್ದ. ಇಂಗ್ಲಿಷಿನ ಆ ಪದ ಅವನಿಗೇ ತಿಳಿಯದ ಹಾಗೆ ಕೈಯಿಂದ ಇಳಿದಿತ್ತು. ಬ್ಯಾಂಕಿನಲ್ಲಿ ತಪ್ಪು ಮಾಡಿದ ಯಾವ ಗುಮಾಸ್ತನ ವಿವರಣೆಯಲ್ಲೂ ಇರುತ್ತಿದ್ದ ಪದ.

"ಅದು ನಿಜವಾ?" ಅಂದಳು ಸುಮಿತ್ರಾ. ಚುಚ್ಚುವ ದನಿಯಲ್ಲ, ತಿಳಿದುಕೊಳ್ಳಲು ಕೇಳಿದ ಹಾಗೆ ಕೇಳಿದಳು.

"ಅಲ್ಲ," ಅಂದ.

ಹೊಸ ಹಾಳೆಯಲ್ಲಿ ಬರೆಯಲು ಹೊತ್ತಿರಲಿಲ್ಲ, ಐದಕ್ಕೆ ಏಳು ನಿಮಿಷವಿತ್ತು. ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ಆ ಪದದ ಮೇಲೆ ಗೀಟು ಎಳೆದ. ತಿದ್ದಿದ ಕಡೆಯಲ್ಲೆಲ್ಲ ತಿದ್ದಿದವರೇ ಸಹಿ ಹಾಕಬೇಕು ಅಂತ ಇಪ್ಪತ್ತೆರಡು ವರ್ಷ ಬೇರೆಯವರಿಗೆ ಹೇಳಿದ್ದವನು, ಮೂವರೂ ನೋಡುತ್ತಿರುವ ಹಾಗೆ, ಗೀಟಿನ ಪಕ್ಕ ಸಣ್ಣದಾಗಿ ತನ್ನ ಸಹಿ ಹಾಕಿದ.